ಜೋರಾಗಿ ಎಣಿಸಿದವಳು

ಏಪ್ರಿಲ್ ೨೯, ಸೋಮವಾರ

ಶಾಲೆಯ ಆಪ್ತಸಲಹೆಗಾರ್ತಿ ನೂರಿತ್ ಇವತ್ತು ಶಿಕ್ಷಕರ ಕೋಣೆಯಲ್ಲಿ ಎಲ್ಲರಿಗೂ ಹೂವಿನ ಚಿತ್ರದ ಒಂದೊಂದು ಪುಸ್ತಕ ಹಂಚಿದಳು. "ಮನಸ್ಸಲ್ಲಿರೋದನ್ನ ದಿನಾ ಬರೀರಿ ಮರ್ಸೆಲ್, ಹಗುರ ಆಗುತ್ತೆ" ಅಂದಳು. ಮಿಮೂನಾ ಹಬ್ಬಕ್ಕೆ ರಾಶಿ ಮುಫ್ಲೆಟಾ ರೊಟ್ಟಿ ಲಟ್ಟಿಸಿ ನನ್ನ ಸೊಂಟ ಹಿಡಿದುಕೊಂಡಿದೆ. ಅದನ್ನು ಬರೆದರೆ ಸೊಂಟ ಹಗುರವಾಗುತ್ತದೆಯೇನು? ಪುಸ್ತಕ ಚೆನ್ನಾಗಿದೆ, ಬಿಸಾಡಲು ಮನಸ್ಸು ಬರಲಿಲ್ಲ. ಬರೆಯುತ್ತಿರುವುದು ಅದಕ್ಕೇ, ಬೇರೆ ಕಾರಣವಿಲ್ಲ.

ಮನಸ್ಸಿನಲ್ಲಿರುವುದು ಸಿಟ್ಟು. ಇಲಾಖೆಯಿಂದ ಸುತ್ತೋಲೆ ಬಂದಿದೆ. ಗಡಿಬೇಲಿಗೆ ಹತ್ತಿರದ ಊರುಗಳ ಹನ್ನೆರಡನೇ ತರಗತಿಯ ಮಕ್ಕಳಿಗೆ ಈ ಸಲದ ಅಂತಿಮ ಪರೀಕ್ಷೆಯಲ್ಲಿ ವಿನಾಯಿತಿಯಂತೆ. ಹೆಚ್ಚು ಸಮಯ ಬೇಕೋ, ಪ್ರಶ್ನೆಗಳಲ್ಲಿ ಹೆಚ್ಚು ಆಯ್ಕೆ ಬೇಕೋ, ರಾಕೆಟ್ ಬೀಳದ ಊರಿಗೆ ಬಸ್ಸಿನಲ್ಲಿ ಕರೆದೊಯ್ದು ಬರೆಸಬೇಕೋ, ಬೇರೆ ಏನಾದರೂ ಬೇಕೋ, ತರಗತಿಯ ಶಿಕ್ಷಕಿ ಯೋಚಿಸಿ ಬರೆದು ಕಳಿಸಬೇಕು. ಆ ತರಗತಿಯ ಶಿಕ್ಷಕಿ ನಾನು. ಯೋಚಿಸಿಯೂ ಆಗಿದೆ. ಇವರು ಹುಟ್ಟುವ ಮೊದಲಿನಿಂದ ನಮ್ಮ ಸ್ದೆರೋತಿನ ಮೇಲೆ ರಾಕೆಟ್ ಬೀಳುತ್ತಿದೆ. ಅಆಇಈ ಕಲಿತದ್ದೂ ಇದರ ಮಧ್ಯೆಯೇ. ನನ್ನ ಮಕ್ಕಳು ಯಾರ ಮುಂದೆಯೂ ಕೈ ಚಾಚುವುದು ಬೇಡ. ನಾಳೆ ಕೆಲಸಕ್ಕೆ ಹೋದಾಗ ಯಾವನಾದರೂ, "ಓ, ನೀವು ವಿನಾಯಿತಿಯಲ್ಲಿ ಪಾಸಾದವರಾ?" ಅನ್ನಬೇಕೇ?

ಗಂಡನಿಗೆ ಹೇಳಿದೆ. ಪ್ರೋಸ್ಪರ್ ಯಾರದೋ ಮನೆಯ ಏಸಿ ರಿಪೇರಿ ಮಾಡಿ ಬಂದು ಕಾಲು ಚಾಚಿ ಕೂತಿದ್ದ. "ನಿನ್ ಹತ್ರ ವಿನಾಯಿತಿ ಕೇಳೋದೂ ಒಂದೇ, ಈ ಗೋಡೆ ಹತ್ರ ಕಾಫಿ ಕೇಳೋದೂ ಒಂದೇ" ಅಂದ. ಇಷ್ಟು ವರ್ಷ ಸಂಸಾರ ಮಾಡಿದ್ದಕ್ಕೆ ಸಿಕ್ಕ ಬಹುಮಾನ.

ಮೇ ೨, ಗುರುವಾರ

ಅವಿಶಾಗ್ ಬುಸ್ಕಿಲಾ ಪಾಠ ಮುಗಿದ ಮೇಲೆ ನಿಂತಳು. ತರಗತಿಯಲ್ಲಿ ಎಲ್ಲರಿಗಿಂತ ಎತ್ತರದ ಹುಡುಗಿ, ಬಾಯಿಯೂ ಅಷ್ಟೇ ಉದ್ದ. ಬೇರ್‌ಶೆವಾದ ನರ್ಸಿಂಗ್ ಕಾಲೇಜಿನಲ್ಲಿ ಅವಳಿಗೊಂದು ಸೀಟು ಇಟ್ಟಿದ್ದಾರೆ. ಗಣಿತ ಪಾಸಾದರೆ ಸೀಟು, ಇಲ್ಲದಿದ್ದರೆ ಇಲ್ಲ. ಗಣಿತ ಅವಳಿಗೆ ಕಹಿ ಔಷಧಿ. ಹೆಚ್ಚಿನ ಸಮಯ ಕೇಳಲು ಬಂದಳು ಅಂದುಕೊಂಡೆ.

"ನಂಗೆ ಟೈಮ್ ಬೇಡ ಟೀಚರ್. ಒಂದೇ ಒಂದು ಬರೀರಿ. ಸ್ಪೀಕರಲ್ಲಿ ಏನೂ ಹೇಳ್ಬೇಡಿ, ಬಾಯಲ್ಲಿ ಹೇಳಿ ಅಂತ ಬರೀರಿ."

"ಅಂದ್ರೆ?"

"ಟಕ್ ಅನ್ನುತ್ತಲ್ಲ ಟೀಚರ್."

ಗೊತ್ತು. ಕಂಬದ ಮೇಲಿನ ಸ್ಪೀಕರು "ಕೆಂಪು ಬಣ್ಣ, ಕೆಂಪು ಬಣ್ಣ" ಎಂದು ಎಚ್ಚರಿಸುವ ಮೊದಲು ಒಂದು ಟಕ್ ಅನ್ನುತ್ತದೆ. ಆ ಟಕ್ಕಿಗೇ ನಮ್ಮೂರು ಅರ್ಧ ಎದ್ದಿರುತ್ತದೆ. ಎಚ್ಚರಿಕೆಗೂ ರಾಕೆಟ್ ಬೀಳುವುದಕ್ಕೂ ನಡುವೆ ಇರುವುದು ಹದಿನೈದು ಸೆಕೆಂಡು. ಆ ಟಕ್ಕಿನಲ್ಲಿ ಒಂದು ಸೆಕೆಂಡು ಉಳಿದರೂ ಲಾಭವೇ. ಅದಕ್ಕೇ ನಮ್ಮ ಶಾಲೆಯಲ್ಲಿ ಪ್ರಕಟಣೆಗೆ ಸ್ಪೀಕರು ಬಳಸುವುದಿಲ್ಲ. ಗುಮಾಸ್ತ ತರಗತಿಯಿಂದ ತರಗತಿಗೆ ನಡೆದು ಹೇಳುತ್ತಾನೆ.

"ಬೇರೆ ಊರಲ್ಲಿ ಪರೀಕ್ಷೆ ಬರೀವಾಗ ಟಕ್ ಅಂದ್ರೆ ಏನ್ಮಾಡ್ತೀಯಾ, ಮೇಜಿನ ಕೆಳಗೆ ಹೋಗ್ತೀಯಾ? ನಗ್ತಾರೆ ಕಣೇ. ಅಭ್ಯಾಸ ಮಾಡ್ಕೋ" ಅಂದೆ.

"ನಿಮ್ಗೆ ಏನೂ ಆಗಲ್ವಾ ಟೀಚರ್?"

"ನನಗೇನಾಗುತ್ತೆ!"

ಅರ್ಜಿಯಲ್ಲಿ ಬೇರೆ ಊರಿನ ಪರೀಕ್ಷಾಕೇಂದ್ರಕ್ಕೆ ಮಾತ್ರ ಒಪ್ಪಿಗೆ ಬರೆದೆ. ಅದೂ ಪ್ರಾಂಶುಪಾಲರ ಒತ್ತಾಯಕ್ಕೆ. ಮಿಕ್ಕ ಜಾಗದಲ್ಲೆಲ್ಲ "ಅಗತ್ಯವಿಲ್ಲ."

ಮೇ ೭, ಮಂಗಳವಾರ

ಬೆಳಗಿನಿಂದ ರಾಕೆಟ್ ಶುರು. ಶಾಲೆಗೆ ರಜೆ. ನನ್ನ ಮಗಳು ಆಸ್ಪತ್ರೆಯ ಪಾಳಿಗೆ ಹೋಗುವಾಗ ಮೊಮ್ಮಗಳು ನೊಗಾಳನ್ನು ನಮ್ಮಲ್ಲಿ ಬಿಟ್ಟಳು. ಮೂರು ವರ್ಷದ ಕೂಸು. ಪ್ರತಿ ಸಲ ಕಾಂಕ್ರೀಟಿನ ಭದ್ರಕೋಣೆಗೆ ಎತ್ತಿಕೊಂಡು ಓಡಿ, ಬಾಗಿಲು ಹಾಕಿ, ಕಿವಿಯಲ್ಲಿ ಜೋರಾಗಿ ಎಣಿಸಿದೆ: ಒಂದು, ಎರಡು, ಮೂರು. ನಮ್ಮೂರಲ್ಲಿ ತನಗೋಸ್ಕರ ಯಾರೂ ಜೋರಾಗಿ ಎಣಿಸುವುದಿಲ್ಲ. ದೊಡ್ಡವರ ಎಣಿಕೆ ಹೊಟ್ಟೆಯೊಳಗೆ ತಾನಾಗಿ ನಡೆಯುತ್ತದೆ. ಜೋರಾಗಿ ಎಣಿಸುವುದು ಮಕ್ಕಳಿಗೆ, ಇಲ್ಲವೇ ಉಸಿರು ಕಟ್ಟಿ ನಿಂತವರಿಗೆ. ಎಣಿಕೆ ಕೇಳುತ್ತಾ ಹೋದರೆ ಉಸಿರೂ ಅದರ ಹಿಂದೆ ಬರುತ್ತದೆ.

ನೊಗಾ ಹತ್ತರ ನಂತರ ಹದಿನಾಲ್ಕು ಅನ್ನುತ್ತಾಳೆ. ಪ್ರೋಸ್ಪರ್, "ಪರವಾಗಿಲ್ಲ, ಬೇಗ ಮುಗೀತು" ಅಂದ.

ಮೇ ೮, ಬುಧವಾರ

ಬರೆಯಲು ಕೂತೆ. ಎದ್ದೆ. ಕೂತೆ. ಮತ್ತೆ ಟಕ್.

ಮೇ ೯, ಗುರುವಾರ

ಕದನವಿರಾಮ ಅಂತ ರೇಡಿಯೋ ಹೇಳಿತು. ನಮ್ಮ ಬೀದಿಯ ಕೊನೆಯ ಮನೆಯ ಸ್ನಾನದ ಕೋಣೆ ಹೋಗಿದೆ. ಮನೆಯವರು ಊರಲ್ಲಿರಲಿಲ್ಲ, ದೇವರು ದೊಡ್ಡವನು.

ಪ್ರೋಸ್ಪರ್ ಹಿಂದೆ ಕಟ್ಟಡದ ಕೆಲಸದಲ್ಲಿದ್ದಾಗ ಜೊತೆಗಿದ್ದ ಅಬು ಮಾಹೆರ್ ಬೇಲಿಯಾಚೆಯಿಂದ ಫೋನ್ ಮಾಡಿದ್ದ. ಇಬ್ಬರೂ ಬದುಕಿದ್ದೀಯೇನೋ, ಬದುಕಿದ್ದೀಯೇನೋ ಅಂತ ಅರಬ್ಬಿಯಲ್ಲಿ ಕೂಗಾಡಿದರು. ಅವನ ಕಿರಿಮಗಳಿಗೂ ಜೂನ್‌ನಲ್ಲಿ ಅಂತಿಮ ಪರೀಕ್ಷೆಯಂತೆ. ಕರೆಂಟಿಲ್ಲ, ಮೇಣದ ಬತ್ತಿಯಲ್ಲಿ ಓದುತ್ತಾಳೆ. ಅಲ್ಲಿ ಎಚ್ಚರಿಸುವ ಸ್ಪೀಕರೂ ಇಲ್ಲ, ಭದ್ರಕೋಣೆಯೂ ಇಲ್ಲ. "ಆ ಹುಡುಗಿಗೆ ಯಾರೇ ವಿನಾಯಿತಿ ಕೊಡ್ತಾರೆ?" ಅಂತ ಪ್ರೋಸ್ಪರ್ ಕೇಳಿದ. ನನ್ನನ್ನು ಯಾಕೆ ಕೇಳುತ್ತಾನೆ? ನಾನೇನು ವಿನಾಯಿತಿ ಹಂಚುವ ಇಲಾಖೆಯೇ? ಸಿಟ್ಟು ಬಂತು. ಆಮೇಲೆ ತುಂಬಾ ಹೊತ್ತು ಆ ಮೇಣದ ಬತ್ತಿ ತಲೆಯಲ್ಲೇ ಉಳಿಯಿತು.

ಮೇ ೧೫, ಬುಧವಾರ

ಎಲ್ಲ ಮಾಮೂಲಿಗೆ ಬಂದಿದೆ. ಪಾಠ, ಉತ್ತರಪತ್ರಿಕೆ, ಅಡುಗೆ.

ಪ್ರೋಸ್ಪರ್‌ಗೆ ಮಾಡಲು ಕೆಲಸವಿಲ್ಲ, ನನ್ನನ್ನು ಗಮನಿಸುತ್ತಾ ಕೂರುತ್ತಾನೆ. "ಮಹಾರಾಣಿಯೋರು ಶೂ ಹಾಕ್ಕೊಂಡೇ ಮಲಗ್ತಾರಲ್ಲ, ಎಲ್ಲಿಗೆ ಸವಾರಿ?" ಅಂದ. ಕಾಲು ತಣ್ಣಗಾಗುತ್ತದೆ, ಅದಕ್ಕೆ. ಮೇ ತಿಂಗಳಲ್ಲಿ ತಣ್ಣಗೇನೇ ಅಂದರೆ, ವಯಸ್ಸಾಯಿತಲ್ಲ ಅಂದೆ. ಪ್ರೆಶರ್ ಕುಕ್ಕರ್ ಯಾಕೆ ಅಟ್ಟ ಸೇರಿದೆ ಅಂದ. ಕಡಲೆ ಪಾತ್ರೆಯಲ್ಲಿ ಬೆಂದರೇ ರುಚಿ. ಆ ಸೀಟಿ ಯಾರಿಗೆ ಬೇಕು? ಸ್ನಾನಕ್ಕೆ ಬಾಗಿಲು ಯಾಕೆ ಹಾಕಲ್ಲ ಅಂದ. ಇಷ್ಟು ವರ್ಷದ ಮೇಲೆ ಅವನಿಗೆ ನಾಚಿಕೆಯೇ! ಎಲ್ಲದಕ್ಕೂ ಕಾರಣ ಬೇಕು ಈ ಮನುಷ್ಯನಿಗೆ.

ತರಗತಿಯಲ್ಲಿ ಯಾರೋ ಬಾಗಿಲು ಜೋರಾಗಿ ಎಳೆದರು. ಎಲ್ಲರಿಗೂ ಕಿವಿಗಡಚಿಕ್ಕುವ ಹಾಗೆ ಬೈದೆ. ಶಿಸ್ತು ಅಂದರೆ ಶಿಸ್ತು. ಅವಿಶಾಗ್ ನನ್ನನ್ನೇ ನೋಡುತ್ತಿದ್ದಳು. ಬೈಗುಳ ಮುಗಿದ ಮೇಲೆ ಎದ್ದು ಹೋಗಿ ಬಾಗಿಲಿಗೂ ಚೌಕಟ್ಟಿಗೂ ನಡುವೆ ಮಡಚಿದ ಕಾಗದ ಸಿಕ್ಕಿಸಿ ಬಂದಳು. ನಾನೇನೂ ಹೇಳಿರಲಿಲ್ಲ.

ಮೇ ೨೩, ಗುರುವಾರ

ಗಣಿತ ಪರೀಕ್ಷೆ ಮುಗಿಯಿತು. ಮುಗಿದದ್ದೇನೋ ಸರಿ, ಮುಗಿದ ರೀತಿ ಸರಿಯಿಲ್ಲ.

ಬಸ್ಸಿನಲ್ಲಿ ಸಮುದ್ರದ ಕಡೆಯ ದೊಡ್ಡ ಊರಿಗೆ ಹೋದೆವು. ಶಾಲೆ ಅಂದರೆ ಅದು, ಅಮೃತಶಿಲೆಯ ನೆಲ. ನಮ್ಮ ಮಕ್ಕಳು ಒಳಗೆ ಕಾಲಿಟ್ಟದ್ದೇ, "ಭದ್ರಕೋಣೆ ಎಲ್ಲಿ?" ಎಂದು ಕೇಳಿದವು. ಅಲ್ಲಿನ ಗುಮಾಸ್ತೆ, "ನಮ್ಮಲ್ಲಿ ಅದೆಲ್ಲ ಬೇಕಾಗಲ್ಲಮ್ಮ" ಎಂದು ನಕ್ಕಳು. ಪಾಪ, ಒಳ್ಳೆಯ ಹೆಂಗಸು. ಎಲ್ಲರಿಗೂ ತಣ್ಣಗಿನ ನೀರಿನ ಬಾಟಲಿ ತರಿಸಿಟ್ಟಿದ್ದಳು. ನಾನು ಸಾಹಿತ್ಯದವಳು, ಗಣಿತ ನನಗೆ ಬರುವುದಿಲ್ಲ, ಆದ್ದರಿಂದ ಬಾಟಲಿ ಹಂಚಲು ಕೋಣೆಯೊಳಗೆ ಬಿಟ್ಟರು. ಮೇಲ್ವಿಚಾರಕ ಒಬ್ಬ ವಯಸ್ಸಾದ ಮನುಷ್ಯ, ಕರಿಹಲಗೆಯ ಹತ್ತಿರ ಕುರ್ಚಿ ಹಾಕಿಕೊಂಡಿದ್ದ.

ನಾನು ಅವಿಶಾಗ್‌ಳ ಮೇಜಿನ ಹತ್ತಿರ ಇದ್ದಾಗ ಗೋಡೆಯ ಸ್ಪೀಕರು ಟಕ್ ಅಂದಿತು. "ಇನ್ನು ಅರ್ಧ ಗಂಟೆ ಇದೆ" ಎಂದು ಹೇಳುವುದಕ್ಕೆ, ಅಷ್ಟೇ. ಹೇಳುವಷ್ಟರಲ್ಲಿ ನಮ್ಮ ತರಗತಿ ಪೂರ್ತಿ ಮೇಜಿನ ಕೆಳಗೆ! ಮೇಲ್ವಿಚಾರಕನ ಮುಖ ನೋಡಬೇಕಿತ್ತಂತೆ. ಅಷ್ಟು ಜನ ಒಮ್ಮೆಗೇ ಇಳಿದ ರಭಸಕ್ಕೆ ನನ್ನ ಕೈಯಲ್ಲಿದ್ದ ಬಾಟಲಿಗಳು ಜಾರಿ ಬಿದ್ದವು. ಹೆಕ್ಕಲು ಬಗ್ಗಿದೆ. ಮೊಣಕಾಲು ನೆಲಕ್ಕೆ ಬಡಿದು ಕಾಲುಚೀಲ ಹರಿಯಿತು, ಹೊಸದು.

ಆಮೇಲೆ ಎಲ್ಲರೂ ಎದ್ದು ಬರೆದರು. ಕೆಲವರು ಬರೆಯಲಿಲ್ಲ, ಸುಮ್ಮನೆ ಕೂತರು. ಬಸ್ಸಿನಲ್ಲಿ ಯಾರೂ ಹಾಡಲಿಲ್ಲ. ನನಗೂ ತಲೆನೋವು, ಮನೆಯ ಬೀಗಕ್ಕೆ ಕೀಲಿ ಹಾಕುವಾಗ ಮೂರು ಸಲ ತಪ್ಪಿತು. ಬಾಟಲಿಗಳು ಭಾರವಾಗಿದ್ದವು.

ಸ್ಪೀಕರು ಬೇಡ ಎಂದು ಬರೆದಿದ್ದರೆ ಇದಾಗುತ್ತಿರಲಿಲ್ಲ. ಬರೆದೆ, ಇಲ್ಲೇ ಬರೆದೆ, ಸಾಕು.

ಮೇ ೨೭, ಸೋಮವಾರ

ಅವಿಶಾಗ್‌ಳ ಉತ್ತರಪತ್ರಿಕೆ ತಡೆಹಿಡಿದಿದ್ದಾರೆ!

ಮೇಲ್ವಿಚಾರಕನ ವರದಿ ಹೀಗಿದೆ: ಸದ್ದಾದಾಗ ಎಲ್ಲರೂ ಮೇಜಿನ ಕೆಳಗೆ ಹೋದರು, ಅದನ್ನು ಅರ್ಥಮಾಡಿಕೊಳ್ಳಬಹುದು. ಆದರೆ ಈ ಹುಡುಗಿ ಮಾತ್ರ ಕೆಳಗೆ ಯಾರಿಗೋ ಸಂಖ್ಯೆ ಹೇಳಿಕೊಟ್ಟಳು. "ಹನ್ನೆರಡು" ಎಂದು ಮೂರು ನಾಲ್ಕು ಸಲ ಅಂದದ್ದು ಸ್ಪಷ್ಟವಾಗಿ ಕೇಳಿಸಿತು. ಮೂರನೇ ಪ್ರಶ್ನೆಯ ಉತ್ತರ ಹನ್ನೆರಡು. ವಿಚಾರಣೆ ಮುಗಿಯುವವರೆಗೆ ಪತ್ರಿಕೆ ತೆರೆಯುವುದಿಲ್ಲ. ನಕಲು ಎಂದು ತೀರ್ಮಾನವಾದರೆ ಒಂದು ವರ್ಷ ಪರೀಕ್ಷೆಗೆ ಕೂರುವಂತಿಲ್ಲ. ಒಂದು ವರ್ಷ ಅಂದರೆ ನರ್ಸಿಂಗ್ ಸೀಟು ಹೋಯಿತು.

ಕರೆಸಿ ಕೇಳಿದೆ.

"ಹನ್ನೆರಡು ಅಂದ್ಯಾ?"

"ಅಂದೆ."

"ಯಾಕೆ?"

"ಎಣಿಸ್ತಿದ್ದೆ ಟೀಚರ್."

"ಜೋರಾಗಿ? ನೀನೇನು ನೊಗಾನಾ? ಯಾರಿಗೆ ಎಣಿಸ್ತಿದ್ದೆ?"

ಬ್ಯಾಗಿನ ಪಟ್ಟಿ ಸರಿಮಾಡಿಕೊಂಡಳು. ಬಾಯಿ ಮುಚ್ಚು ಅಂದರೂ ಮುಚ್ಚದ ಹುಡುಗಿ! ಪಕ್ಕದ ಸಾಲಿನಲ್ಲಿದ್ದವರನ್ನೆಲ್ಲ ಕೇಳಿದೆ. ಎಲ್ಲರೂ ನೆಲ ನೋಡುತ್ತಾರೆ. ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ಯಾರನ್ನೋ ಕಾಪಾಡುತ್ತಿದ್ದಾರೆ, ಅದು ಸ್ಪಷ್ಟ. ಯಾರನ್ನು?

ಜೂನ್ ೪, ಮಂಗಳವಾರ

ಕೋಣೆಯಲ್ಲಿದ್ದವಳು ನಾನು, ಆದ್ದರಿಂದ ನನ್ನಿಂದ ಲಿಖಿತ ಹೇಳಿಕೆ ಕೇಳಿದ್ದಾರೆ. ಮೂರು ಸಲ ಬರೆದು ಹರಿದೆ. ಸುಳ್ಳು ಬರೆದು ಹುಡುಗಿಯನ್ನು ಉಳಿಸಬಹುದಿತ್ತು. "ಎಣಿಸಿದ್ದು ಕೇಳಿಸಿತು" ಎಂದರೆ ಮುಗಿಯಿತು. ಆದರೆ ನನಗೆ ಕೇಳಿಸಲಿಲ್ಲ, ನಾನೇನು ಮಾಡಲಿ? ನಾನು ಬಾಟಲಿ ಹೆಕ್ಕುತ್ತಿದ್ದೆ. ಟಕ್ ಅಂದದ್ದು ನೆನಪಿದೆ, ಆಮೇಲೆ ಎದ್ದು ನಿಂತದ್ದು ನೆನಪಿದೆ. ನಡುವೆ ಯಾವ ಮಾತೂ ಇಲ್ಲ. ಇಷ್ಟು ವರ್ಷ ಮಕ್ಕಳಿಗೆ ನಿಜ ಹೇಳಿ ಎಂದು ಪಾಠ ಮಾಡಿದವಳು ನಾನು.

ಕೊನೆಗೆ ಬರೆದೆ: "ಅವಿಶಾಗ್ ಪ್ರಾಮಾಣಿಕ ಹುಡುಗಿ. ಆದರೆ ಯಾರೂ ಎಣಿಸಿದ್ದು ನನಗೆ ಕೇಳಿಸಲಿಲ್ಲ."

ನೂರಿತ್ ಎರಡು ಸಲ ಓದಿ ಮಡಚಿಟ್ಟಳು. "ಮರ್ಸೆಲ್, ನೀವು ಆ ಪುಸ್ತಕದಲ್ಲಿ ಬರೀತಿದ್ದೀರಾ?" ಅಂದಳು. ಇವಳಿಗೆ ಅದೊಂದೇ ಚಿಂತೆ.

ಜೂನ್ ೧೧, ಮಂಗಳವಾರ

ಶವುಓತ್ ಹಬ್ಬಕ್ಕೆ ಚೀಸ್ ಕೇಕ್ ಮಾಡಿದೆ, ತಳ ಹತ್ತಿತು. ಬುಸ್ಕಿಲಾ ಮನೆಗೆ ಒಂದು ತುಂಡು ತೆಗೆದುಕೊಂಡು ಹೋದೆ. ಅವಿಶಾಗ್‌ಳ ತಾಯಿ ವಿಕ್ಕಿ ಬಾಗಿಲು ತೆರೆದಳು, ಒಳಗೆ ಕರೆಯಲಿಲ್ಲ.

"ನಿಮ್ ಹೇಳಿಕೆ ನಮಗೂ ಬಂತು. ಕೇಳಿಸ್ಲಿಲ್ಲಂತೆ" ಅಂದಳು.

"ಕೇಳಿಸ್ಲಿಲ್ಲ ವಿಕ್ಕಿ. ನಾನು ಸುಳ್ಳು ಬರೀಲಾ?"

"ಬೇಡಮ್ಮ, ನೀವು ಯಾಕೆ ಸುಳ್ಳು ಬರೀತೀರಾ? ನನ್ ಮಗಳೇ ಸುಳ್ಳಿ." ಕಣ್ಣಲ್ಲಿ ನೀರು ತುಂಬಿತ್ತು. "ಹೇಳೇ ಅಂದ್ರೆ ಹೇಳಲ್ಲ. ಯಾರಿಗೆ ಎಣಿಸ್ದೆ ಅಂತ ಹೇಳಿದ್ರೆ ಸೀಟು ಉಳಿಯುತ್ತೆ ಅಂದ್ರೂ ಹೇಳಲ್ಲ. ಮೊಂಡು, ಅವರಪ್ಪನ ಹಂಗೆ."

ಒಳಗಿನಿಂದ ಅವಿಶಾಗ್ ಕೂಗಿದಳು: "ಕೇಕ್ ತಗೊಳ್ಳಮ್ಮಾ! ಟೀಚರ್ ಕೇಕ್ ಸೀದಿದ್ರೂ ಚೆನ್ನಾಗಿರುತ್ತೆ!"

ಹೊರಗೆ ಬಂದು ಕಾರಿನಲ್ಲಿ ಕೂತು ಅತ್ತೆ. ಸೀಟ್‌ಬೆಲ್ಟ್ ಹಾಕಲಿಲ್ಲ, ಕಿಟಕಿ ಇಳಿಸಿಯೇ ಇತ್ತು. ಟಕ್ ಕೇಳಿಸಬೇಕು, ತಕ್ಷಣ ಹಾರಿ ಇಳಿಯಬೇಕು, ಈ ಊರಲ್ಲಿ ಯಾರು ಹಾಕುತ್ತಾರೆ, ಯಾರು ಏರಿಸುತ್ತಾರೆ? ಆದರೆ ಇತ್ತೀಚೆಗೆ ದೂರದ ಊರಿಗೆ ಹೋದಾಗಲೂ ನಾನು ಬೆಲ್ಟ್ ಹಾಕುತ್ತಿಲ್ಲವಂತೆ. ಪೊಲೀಸರು ಹಿಡಿಯುತ್ತಾರೆ ನೋಡು ಎಂದು ಪ್ರೋಸ್ಪರ್ ಹೆದರಿಸುತ್ತಾನೆ.

ಜೂನ್ ೨೦, ಗುರುವಾರ

ವಿಚಾರಣೆಗೆ ನನ್ನನ್ನೂ ಕರೆದಿದ್ದಾರೆ. ಅವಿಶಾಗ್ ಪರವಾಗಿ ಮಾತಾಡುತ್ತೇನೆ. ಹುಡುಗಿ ಎಂಥವಳು ಎಂದು ಹೇಳುತ್ತೇನೆ. ಬೇರೇನು ಮಾಡಲಿ? ಊಟ ಸೇರುತ್ತಿಲ್ಲ.

ಜೂನ್ ೨೫, ಮಂಗಳವಾರ

ಇವತ್ತಿನದನ್ನು ನಡೆದ ಹಾಗೆ ಬರೆಯಬೇಕು. ಅಲಂಕಾರ ಬೇಡ.

ಪ್ರೋಸ್ಪರ್ ವ್ಯಾನಿನಲ್ಲಿ ನಮ್ಮಿಬ್ಬರನ್ನೂ ಕರೆದೊಯ್ದ. ವಿಕ್ಕಿಗೆ ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ. ದಾರಿಯುದ್ದಕ್ಕೂ ಪ್ರೋಸ್ಪರ್ ಅವಿಶಾಗ್‌ಳನ್ನು ನಗಿಸಿದ. ಕಚೇರಿಯ ಹತ್ತಿರ ವ್ಯಾನ್ ನಿಲ್ಲಿಸಲು ಜಾಗ ಸಿಗಲಿಲ್ಲ. "ಇಲ್ಲೇ ಒಂದ್ ಸ್ವಲ್ಪ ಹೊತ್ತು ನಿಲ್ಸಿರ್ತೀನಿ, ಯಾರ್ ಕೇಳ್ತಾರೆ" ಎಂದು ಗೇಟಿನ ಪಕ್ಕಕ್ಕೆ ಒತ್ತರಿಸಿ, ಕಾಫಿ ಹುಡುಕಿಕೊಂಡು ಹೋದ.

ಸಮಿತಿಯ ಅಧ್ಯಕ್ಷರು ಡಾಕ್ಟರ್ ಎಲ್ದಾದ್ ಕಿರ್ಶ್. ಮೆದು ಮಾತಿನ ಮನುಷ್ಯ, ಅವಿಶಾಗ್ ಮುಂದೆ ಬಿಸ್ಕತ್ತಿನ ತಟ್ಟೆ ಸರಿಸಿದರು. ಪಕ್ಕದಲ್ಲಿ ಇನ್ನಿಬ್ಬರು ಬರೆದುಕೊಳ್ಳುತ್ತಿದ್ದರು. ಉದ್ದನೆಯ ಮೇಜು, ನಾನೂ ಅವಿಶಾಗ್ ಒಂದೇ ಕಡೆ.

"ನೋಡಮ್ಮ," ಅಂದರು, "ಮೇಜಿನ ಕೆಳಗೆ ಹೋಗಿದ್ದು ತಪ್ಪು ಅಂತ ನಾವ್ಯಾರೂ ಹೇಳ್ತಿಲ್ಲ. ಆದ್ರೆ ಮಿಕ್ಕವರು ಯಾರೂ ಬಾಯಿ ಬಿಡ್ಲಿಲ್ಲ. ನೀನೊಬ್ಳೇ ಹನ್ನೆರಡು, ಹನ್ನೆರಡು ಅಂದೆ. ಯಾಕೆ?"

"ಎಣಿಸ್ತಿದ್ದೆ ಸರ್."

"ಎಣಿಸೋರು ಹದಿಮೂರು ಅಂತಾರೆ. ಹನ್ನೆರಡರಲ್ಲೇ ಯಾಕೆ ನಿಂತೆ?"

ಅವಿಶಾಗ್ ತಟ್ಟೆಯನ್ನು ಅವರ ಕಡೆಗೇ ಸರಿಸಿದಳು.

"ಯಾರಿಗೆ ಎಣಿಸ್ತಿದ್ದೆ ಅನ್ನೋದಾದ್ರೂ ಹೇಳು. ಆ ಹುಡುಗನೋ ಹುಡುಗಿಯೋ ಬಂದು ಹೌದು ಅಂದ್ರೆ ಇಲ್ಲಿಗೇ ಮುಗಿಸ್ತೀವಿ. ನಿನ್ ಮೇಲೆ ನಮಗೇನು ದ್ವೇಷಾನಾ?"

ಅವಿಶಾಗ್ ಬಿಸ್ಕತ್ತು ನೋಡುತ್ತಾ ಕೂತಳು. ನನಗೆ ತಡೆಯಲಾಗಲಿಲ್ಲ. "ಹೇಳೇ ಮಾರಾಯ್ತಿ! ನಿನ್ ಜೀವನ ಹಾಳ್ಮಾಡ್ಕೊಂಡು ಯಾರನ್ನ ಉಳಿಸ್ತಿದ್ದೀಯಾ?" ಎಂದು ಕೂಗಿಯೇಬಿಟ್ಟೆ.

ಅವಳು ನನ್ನ ಕಡೆ ತಿರುಗಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಮೊಮ್ಮಗಳು ಹತ್ತರ ನಂತರ ಹದಿನಾಲ್ಕು ಅಂದಾಗ ನಾವು ನೋಡುತ್ತೇವಲ್ಲ, ಹಾಗೆ ನೋಡಿದಳು.

"ನಿಮ್ಮ ಟೀಚರ್ ಪಕ್ಕದಲ್ಲೇ ಇದ್ರು," ಡಾಕ್ಟರ್ ಕಿರ್ಶ್ ನನ್ನ ಹೇಳಿಕೆ ಎತ್ತಿ ತೋರಿಸಿದರು. "ಅವರಿಗೆ ಎಣಿಸಿದ್ದು ಕೇಳಿಸ್ಲಿಲ್ಲ. ಅಲ್ವಾ ಮೇಡಂ?"

"ಹೌದು," ಅಂದೆ. "ನಾನು ಬಾಟಲಿ ಹೆಕ್ಕ್..."

ಟಕ್.

ಟಕ್ ಅಂದದ್ದು ಗೊತ್ತು. ಕುರ್ಚಿ ಬಿದ್ದದ್ದು ಗೊತ್ತಿಲ್ಲ. ಮತ್ತೆ ಗೊತ್ತಾದದ್ದು ಮೇಜಿನ ಕಾಲು, ನನ್ನ ಮೂಗಿನ ಹತ್ತಿರ, ಅದರ ಮೇಲೆ ಯಾರೋ ಅಂಟಿಸಿದ ಚ್ಯೂಯಿಂಗ್ ಗಮ್. ಒಳಗೆಳೆದ ಉಸಿರು ಒಳಗೇ ನಿಂತುಬಿಟ್ಟಿತ್ತು. ಹೊರಗೆ ಬಾರದು. ಎದೆ ಒಡೆಯುತ್ತದೆ ಅನ್ನಿಸಿತು. ಬೆನ್ನ ಮೇಲೆ ಒಂದು ಕೈ ಇತ್ತು, ಕಿವಿಯ ಹತ್ತಿರ ಒಂದು ದನಿ.

"ಒಂಬತ್ತು, ಹತ್ತು. ನಾನಿದ್ದೀನಿ ಟೀಚರ್. ಹನ್ನೊಂದು, ಹನ್ನೆರಡು. ಉಸಿರು ಬಿಡಿ. ಹನ್ನೆರಡು. ಬಿಡಿ ಟೀಚರ್, ಅವಸರ ಇಲ್ಲ, ನೀವು ಬಿಟ್ಮೇಲೇನೇ ಮುಂದಕ್ಕೆ ಹೋಗೋಣ. ಹನ್ನೆರಡು. ಹನ್ನೆರಡು."

ಉಸಿರು ಬಿಟ್ಟೆ. ನಾಯಿ ನರಳಿದ ಹಾಗೆ ಸದ್ದಾಯಿತು.

"ಹದಿಮೂರು," ಅಂದಳು.

ಮೇಲೆ ಗೋಡೆಯ ಸ್ಪೀಕರು ಮಾತಾಡುತ್ತಿತ್ತು: "ಏಸಿ ರಿಪೇರಿ ಎಂದು ಬರೆದಿರುವ ಬಿಳಿ ವ್ಯಾನ್ ಗೇಟಿಗೆ ಅಡ್ಡ ನಿಂತಿದೆ. ಮಾಲೀಕರು ದಯವಿಟ್ಟು ತೆಗೆಯಬೇಕು."

ಈ ದನಿ, ಬೆನ್ನ ಮೇಲಿನ ಈ ಕೈ ನನಗೆ ಗೊತ್ತಿತ್ತು. ಇದೇ ಮೊದಲಲ್ಲ. ಅಮೃತಶಿಲೆಯ ನೆಲ ತಣ್ಣಗಿತ್ತು, ಬಾಟಲಿಗಳು ಉರುಳಿ ಹೋಗುತ್ತಿದ್ದವು, ನಾನು ಒಂದನ್ನೂ ಮುಟ್ಟಿರಲಿಲ್ಲ. ಎಲ್ಲ ಒಟ್ಟಿಗೆ ಬಂತು. ನಾಚಿಕೆಯಿಂದ ನೆಲದಲ್ಲಿ ಇಳಿದುಹೋಗಬಾರದೇ ಅನ್ನಿಸಿತು. ಆಗಲೇ ನೆಲದ ಮೇಲಿದ್ದೆ.

ಡಾಕ್ಟರ್ ಕಿರ್ಶ್ ಮೇಜಿನ ಆ ಕಡೆಯಿಂದ ಮೊಣಕಾಲೂರಿ ಬಗ್ಗಿದರು. ಕನ್ನಡಕ ಜಾರಿತ್ತು. ಅವಿಶಾಗ್‌ಳನ್ನು ನೋಡಿದರು, ನನ್ನನ್ನು ನೋಡಿದರು. ಅವಿಶಾಗ್ ಆಗಲೂ ತುಟಿ ಬಿಚ್ಚಲಿಲ್ಲ, ನನ್ನ ಬೆನ್ನಿನಿಂದ ಕೈಯನ್ನು ಮೆಲ್ಲಗೆ ತೆಗೆದಳು, ಯಾರೂ ನೋಡದಿರಲಿ ಎನ್ನುವಂತೆ.

"ನನಗೆ," ಅಂದೆ ನಾನು. "ಎಣಿಸಿದ್ದು ನನಗೆ. ಅವತ್ತೂ ನನಗೇ."

ಆಮೇಲೆ ನೀರು ಕೊಟ್ಟರು. ನನ್ನ ಹೇಳಿಕೆಯನ್ನು ಹಿಂದಕ್ಕೆ ಪಡೆದು ಬೇರೆ ಬರೆದೆ, ಈ ಸಲ ಒಂದೇ ಸಲಕ್ಕೆ. ಪತ್ರಿಕೆಯನ್ನು ತೆರೆದು ಮೌಲ್ಯಮಾಪನಕ್ಕೆ ಕಳಿಸುತ್ತೇವೆ ಎಂದು ಅಲ್ಲೇ ಹೇಳಿದರು. ಬಾಗಿಲವರೆಗೆ ಬಂದ ಡಾಕ್ಟರ್ ಕಿರ್ಶ್, "ಮೇಡಂ, ಈ ಸ್ಪೀಕರ್ ವಿಷಯ ಯಾರಾದ್ರೂ ಮೊದಲೇ ಬರೆದಿದ್ರೆ..." ಅಂದರು.

"ಈ ಹುಡುಗಿ ಹೇಳಿದ್ಲು. ನಾನು ಅಗತ್ಯವಿಲ್ಲ ಅಂತ ಬರೆದೆ," ಅಂದೆ.

ವ್ಯಾನಿನ ಗಾಜಿಗೆ ದಂಡದ ಚೀಟಿ ಸಿಕ್ಕಿಸಿದ್ದರು. ಪ್ರೋಸ್ಪರ್ ಸ್ಪೀಕರಿನವರನ್ನೂ ಪೊಲೀಸರನ್ನೂ ಅವರ ಹಿಂದಿನ ತಲೆಮಾರುಗಳನ್ನೂ ಅರಬ್ಬಿಯಲ್ಲಿ ಬೈಯುತ್ತಿದ್ದ. ನಾನು ಅವನನ್ನು ಗೇಟಿನಲ್ಲೇ ತಬ್ಬಿಕೊಂಡೆ. ಬೈಗುಳ ಅರ್ಧಕ್ಕೇ ನಿಂತಿತು.

ದಾರಿಯಲ್ಲಿ ಕೇಳಿದೆ: "ಯಾಕೆ ಹೇಳ್ಲಿಲ್ಲ?"

"ನೀವೇ ಎಲ್ರಿಗೂ ಬಾಟಲಿ ಹೆಕ್ತಿದ್ದೆ, ಬಾಟಲಿ ಹೆಕ್ತಿದ್ದೆ ಅಂತ ಹೇಳ್ಕೊಂಡು ಓಡಾಡ್ತಿದ್ರಿ. ನಾನು ಹೆಂಗೆ ಅಲ್ಲ ಅನ್ಲಿ?" ಅಂದಳು. "ನೀವು ನಿಜವಾಗ್ಲೂ ಹಂಗೇ ಅನ್ಕೊಂಡಿದ್ರಿ ಟೀಚರ್. ತರಗತಿಯಲ್ಲಿ ಎಲ್ರಿಗೂ ಗೊತ್ತಿತ್ತು. ಯಾರೂ ಹೇಳೋದು ಬೇಡ ಅಂತ ಮಾತಾಡ್ಕೊಂಡ್ವಿ."

"ಸೀಟು ಹೋಗ್ತಿತ್ತಲ್ಲೇ, ಹುಚ್ಚಿ!"

"ಹೋಗ್ತಿತ್ತು." ಕಿಟಕಿಯ ಹೊರಗೆ ನೋಡಿದಳು. "ರಾತ್ರಿಯೆಲ್ಲ ಅಳ್ತಿದ್ದೆ. ನಾಳೆ ಹೇಳಿಬಿಡೋಣ ಅನ್ಕೊಳ್ತಿದ್ದೆ. ಬೆಳಗ್ಗೆ ನೀವು ನೆಟ್ಟಗೆ ನಿಂತ್ಕೊಂಡು ಪಾಠ ಮಾಡ್ತಿದ್ರಿ. ಆಮೇಲೆ ಹೇಳಕ್ಕೆ ಆಗ್ತಿರ್ಲಿಲ್ಲ."

ಊರು ಹತ್ತಿರವಾದಾಗ ಪ್ರೋಸ್ಪರ್ ಬೆಲ್ಟ್ ಬಿಚ್ಚಿದ, ಕಿಟಕಿ ಇಳಿಸಿದ. ನಾನು ಹಾಕಿಯೇ ಇರಲಿಲ್ಲ. ಇಳಿಯುವಾಗ ಅವಿಶಾಗ್ ಬಗ್ಗಿ ನನ್ನ ಕಾಲು ನೋಡಿದಳು.

"ಮೊಣಕಾಲಿಗೆ ಏನಾದ್ರೂ ಹಚ್ಚಿ ಟೀಚರ್. ಮತ್ತೆ ಅದೇ ಕಾಲು."

ಜುಲೈ ೧೮, ಗುರುವಾರ

ಫಲಿತಾಂಶ ಬಂತು. ಅವಿಶಾಗ್ ಪಾಸು! ವಿಕ್ಕಿ ಬೀದಿಯಲ್ಲೇ ನಿಂತು ಖುಷಿಗೆ ನಾಲಿಗೆ ಹೊರಳಿಸಿ ಉಲುಲು ಹಾಕಿದಳು, ನಾನೂ ಹಾಕಿದೆ, ನೊಗಾ ಕಿವಿ ಮುಚ್ಚಿಕೊಂಡಳು.

ಉತ್ತರಪತ್ರಿಕೆಯ ಪ್ರತಿ ತರಿಸಿ ನೋಡಿದೆವು. ಮೂರನೇ ಪ್ರಶ್ನೆ ತಪ್ಪು. ಹನ್ನೆರಡರ ಬದಲು ಒಂಬತ್ತು ಬರೆದಿದ್ದಾಳೆ.

ಅವಿಶಾಗ್ ಹಣೆ ಚಚ್ಚಿಕೊಂಡಳು. "ಅಷ್ಟ್ ಸಲ ನನ್ ಬಾಯಿಂದಾನೇ ಹನ್ನೆರಡು ಅಂದಿದ್ನಲ್ಲ ಟೀಚರ್! ಒಂದ್ ಸಲನಾದ್ರೂ ನನ್ ಕಿವಿಗೆ ಹಾಕ್ಕೋಬಾರ್ದಾಗಿತ್ತಾ!"

ಪ್ರೋಸ್ಪರ್ ನಕ್ಕು ನಕ್ಕು ಕೆಮ್ಮಿದ. ನಾನೂ ನಕ್ಕೆ. ಆಮೇಲೆ ಒಳಗೆ ಹೋಗಿ ಸ್ವಲ್ಪ ಹೊತ್ತು ಕೂತೆ. ನನ್ನ ಉಸಿರು ಬರಲಿ ಎಂದು ಅವಳು ಹನ್ನೆರಡರಲ್ಲಿ ಕಾಯುತ್ತಿದ್ದಳು. ಅವಳಿಗೆ ಯಾರೂ ಎಣಿಸಲಿಲ್ಲ.

ಚಳಿಗಾಲದ ಪರೀಕ್ಷೆಯ ಅರ್ಜಿ ಬಂದಿದೆ. ಮೊದಲ ಸಾಲಿನಲ್ಲೇ ಬರೆದೆ: ಸ್ಪೀಕರು ಬೇಡ, ಬಾಯಲ್ಲಿ ಹೇಳಿ. ಹೆಚ್ಚಿನ ಸಮಯ, ಹೆಚ್ಚಿನ ಆಯ್ಕೆ, ಎಲ್ಲದಕ್ಕೂ ಹೌದು ಎಂದು ಬರೆದೆ. ಯಾರಿಗೆ ಎಂದು ಕೇಳಿದ ಜಾಗದಲ್ಲಿ ಮಕ್ಕಳ ಹೆಸರಾದ ಮೇಲೆ ಜೊತೆಗೆ ಹೋಗುವ ಶಿಕ್ಷಕಿ ಎಂದೂ ಸೇರಿಸಿದೆ.

ಇವತ್ತು ಶೂ ಬಿಚ್ಚಿ ಮಲಗುತ್ತೇನೆ ಎಂದು ಪ್ರೋಸ್ಪರ್‌ಗೆ ಹೇಳಿದ್ದೇನೆ. ಬಿಚ್ಚಿದ್ದೇನೆ. ಮಂಚದ ಪಕ್ಕದಲ್ಲೇ ಇವೆ, ಮೂತಿ ಭದ್ರಕೋಣೆಯ ಕಡೆಗೆ.